ಟ್ಯಾಂಕಿನಿಂದ ಇಳಿಸಿದ ತಂತಿ

ಕನ್ನಡಕದ ಅಂಗಡಿಯವನು ತಾರಸಿಯ ಮೇಲೆ ಕಟ್ಟಿದ್ದು ಬಟ್ಟೆ ಒಣಹಾಕುವ ತಂತಿಯಲ್ಲ ಎಂದು ಕೆಳಗಿನ ಮನೆಯವರಿಗೆ ಎಷ್ಟು ಸಲ ಹೇಳಿದರೂ ಅಷ್ಟೇ. ಬೆಳಗಾದರೆ ಅದರ ಮೇಲೊಂದು ದುಪ್ಪಟಿ, ದುಪ್ಪಟಿಯ ಪಕ್ಕದಲ್ಲಿ ಜೋಡಿ ತಪ್ಪಿದ ಕಾಲುಚೀಲ. "ಆಂಟೆನಾ ಕಣ್ರೀ ಅದು, ಆಂಟೆನಾ!" ಎಂದು ಅವನು ಬಾಯಿ ಬಡಿದುಕೊಂಡರೆ, "ಈ ಕಾಲದಲ್ಲಿ ಯಾರಪ್ಪಾ ಆಂಟೆನಾ ಇಟ್ಕೋತಾರೆ, ಟಿವಿ ಎಲ್ಲಾ ಫೋನಲ್ಲೇ ಬರುತ್ತಲ್ಲಾ" ಎಂದು ಅವರು ಇವನಿಗೇ ಬುದ್ಧಿ ಹೇಳುತ್ತಿದ್ದರು. ಹೇಳಲಿ ಬಿಡಿ. ಆ ತಂತಿಗೆ ಅವನು ತನ್ನ ಜೀವವನ್ನೇ ಕಟ್ಟಿ ಕೂತಿದ್ದಾನೆ ಎಂದು ಅವರಿಗೇನು ಕನಸು ಬಿದ್ದಿತ್ತೇ?

ಟಿವಿಗಲ್ಲ ಅದು. ಹ್ಯಾಮ್ ರೇಡಿಯೋದವರು ಎಂದು ಕೆಲವರಿದ್ದಾರೆ. ಸಂಬಳವಿಲ್ಲ, ಗಿಂಬಳವಿಲ್ಲ. ಮನೆಯ ಮೂಲೆಯಲ್ಲೊಂದು ಮೇಜು ಹಾಕಿಕೊಂಡು, ಸರ್ಕಾರದಿಂದ ಲೈಸೆನ್ಸ್ ಪಡೆದು, ಕಾಣದ ಊರಿನ ಕಾಣದ ಮನುಷ್ಯರ ಜೊತೆ ಮೋರ್ಸ್ ಕೀ ಕುಟ್ಟಿ, ಚುಕ್ಕೆ–ಗೆರೆಗಳಲ್ಲೇ ಮಾತಾಡುವ ಜನ. ಅದರಲ್ಲೂ ನೂರರವತ್ತು ಮೀಟರಿನ ಬ್ಯಾಂಡ್ ಹಿಡಿದವರದು ಬೇರೆಯೇ ಹುಚ್ಚು. ಹಗಲೆಲ್ಲ ಸತ್ತಂತೆ ಬಿದ್ದಿರುವ ಆ ಬ್ಯಾಂಡು ಇನ್ನೇನು ಬೆಳಕು ಹರಿಯಬೇಕು ಎನ್ನುವಾಗ ಸ್ವಲ್ಪ ಹೊತ್ತು ಎದ್ದು ಕೂರುತ್ತದೆ. ಎಲ್ಲೋ ಇರುವವರು ಪಕ್ಕದಲ್ಲೇ ಇದ್ದ ಹಾಗೆ ಕೇಳಿಸುತ್ತಾರೆ. ಬಿಸಿಲು ಬಿತ್ತೋ, ಮುಗಿಯಿತು ಅಂಗಡಿ.

ಈ ಹುಚ್ಚು ಹಿಡಿಸಿದವರು ಭಾವ, ಅಂದರೆ ಅವನ ಅಕ್ಕನ ಗಂಡ. ರೈಲ್ವೆಯಲ್ಲಿ ಸಿಗ್ನಲ್ ರಿಪೇರಿಯ ಕೆಲಸ. ಮದುವೆಯಾದ ಹೊಸತರಲ್ಲಿ ಹೆಂಡತಿಯ ತಮ್ಮನಿಗೆ ವಾಚೋ ಪೆನ್ನೋ ಕೊಡಿಸುವುದು ಬಿಟ್ಟು ಹಿತ್ತಾಳೆಯ ಮೋರ್ಸ್ ಕೀ ತಂದುಕೊಟ್ಟ ಪುಣ್ಯಾತ್ಮ. ಅಕ್ಷರ ಕಲಿಸಿದರು, ಬೆರಳು ತಿದ್ದಿದರು. "ಮೊದಲು ಕೇಳು, ಆಮೇಲೆ ಕಳಿಸು" ಎಂದು ಹೇಳಿ ಹೇಳಿ ತಲೆ ತಿಂದರು. ಅಕ್ಕ–ಭಾವ ಇದ್ದ ಊರು ದೂರದ್ದು. ಕನ್ನಡಕದವನು ಈ ಮನೆಗೆ ಬಂದಾಗ ಭಾವನೇ ರಜೆ ಹಾಕಿ ಬಂದು, ಈ ತಾರಸಿಯಿಂದ ಪಕ್ಕದ ಕಟ್ಟಡದ ನೀರಿನ ಟ್ಯಾಂಕಿನವರೆಗೆ ಕಳಿಸುವ ತಂತಿಯನ್ನು ಎಳೆದು ಕಟ್ಟಿದರು. ಅಷ್ಟು ಉದ್ದದ ತಂತಿಗೆ ಇವನ ತಾರಸಿಯಲ್ಲಿ ಜಾಗವೆಲ್ಲಿ? ಪಕ್ಕದ ಮನೆಯ ಯಜಮಾನರು ಆಗ ಬದುಕಿದ್ದರು. "ಕಟ್ಕೊಳ್ರಪ್ಪಾ, ಟ್ಯಾಂಕೇನು ಸವೆದುಹೋಗುತ್ತಾ" ಎಂದಿದ್ದರು. ಅಂದಿನಿಂದ ಚಳಿಗಾಲ ಬಂತೆಂದರೆ ಬೆಳಕು ಹರಿಯುವ ಮುಂಚೆ ಭಾವ–ಭಾವಮೈದುನರ ಹರಟೆ. ಅಕ್ಕ ಅಲ್ಲಿಂದ "ಅವನು ತಿಂಡಿ ತಿಂದನಾ ಕೇಳಿ" ಎಂದರೆ ಭಾವ ಅದನ್ನೂ ಕುಟ್ಟಿ ಕಳಿಸುತ್ತಿದ್ದರು.

ಕೀ ಕುಟ್ಟುವ ಪ್ರತಿಯೊಬ್ಬನಿಗೂ ಒಂದು ಕೈ ಇರುತ್ತದೆ, ಕೈಬರಹ ಇದ್ದ ಹಾಗೆ. ಭಾವನ ಕೈ ಎಂದರೆ ಮಾತಿನ ಕೊನೆಯ ಗೆರೆಯನ್ನು ಒಂಚೂರು ಎಳೆಯುವುದು, ಹೊರಟು ನಿಂತವರನ್ನು ಬಾಗಿಲಲ್ಲಿ ಇನ್ನೊಂದು ಮಾತಿಗೆ ನಿಲ್ಲಿಸಿಕೊಂಡ ಹಾಗೆ. ಸಾವಿರ ಜನರ ನಡುವೆ ಕುಟ್ಟಿದರೂ ಇವನು ಗುರುತು ಹಿಡಿಯುತ್ತಿದ್ದ. ಇವನ ಕೈಯನ್ನು ಅವರೂ ಅಷ್ಟೇ.

ಅಕ್ಕ ಹೋದದ್ದು ಅಂಥ ಒಂದು ಬೆಳಗಿನಲ್ಲೇ. ಅಡುಗೆಮನೆಯಲ್ಲಿ ಎದೆ ಹಿಡಿದುಕೊಂಡು ಕುಸಿದಳು. ಅವಳ ಕೂಗು ಕೇಳಿ ಎದುರು ಮನೆಯವರು ಬಾಗಿಲು ಒಡೆದು ಬಂದರು. ಪಕ್ಕದ ಕೋಣೆಯಲ್ಲಿದ್ದ ಭಾವನಿಗೆ ಮಾತ್ರ ಕೇಳಿಸಲಿಲ್ಲ. ಅವರ ಕಿವಿಯ ಮೇಲೆ ಹೆಡ್‌ಫೋನ್ ಇತ್ತು. ಆಸ್ಪತ್ರೆಯ ವರಾಂಡದಲ್ಲಿ, ಹತ್ತು ಜನ ನೆಂಟರ ಎದುರಿಗೆ, ಕನ್ನಡಕದವನು ಅಂದುಬಿಟ್ಟ: "ಸಾವಿರ ಮೈಲಿ ಆಚೆ ಸೊಳ್ಳೆ ಕೆಮ್ಮಿದ್ರೂ ಕೇಳುತ್ತೆ ನಿಮಗೆ. ಪಕ್ಕದ ಕೋಣೇಲಿ ನಮ್ಮಕ್ಕ ಸಾಯೋದು ಕೇಳಿಸಲಿಲ್ಲ ಅಲ್ವಾ?"

ಭಾವ ತಲೆ ತಗ್ಗಿಸಿ ನಿಂತರು. ಒಂದು ಮಾತೂ ಆಡಲಿಲ್ಲ. ಆಡಬಹುದಿತ್ತು. ಯಾಕೆಂದರೆ ಆ ಬೆಳಿಗ್ಗೆ ಅವರು ಕಿವಿಗೊಟ್ಟು ಕೂತಿದ್ದದ್ದು ಈ ಸೊಳ್ಳೆಯ ಕೆಮ್ಮಿಗೇ. ಕೀ ಕುಟ್ಟಿ ಕುಟ್ಟಿ ಅವರನ್ನು ಕರೆಯುತ್ತಿದ್ದವನು ಕನ್ನಡಕದವನೇ. ಅದು ಅವನಿಗೂ ಗೊತ್ತಿತ್ತು, ಆ ಮಾತು ಆಡುವಾಗಲೂ ಗೊತ್ತಿತ್ತು. ಗೊತ್ತಿದ್ದೂ ಆಡಿದ. ದುಃಖಕ್ಕೆ ಯಾರದ್ದಾದರೂ ಕುತ್ತಿಗೆ ಬೇಕಿತ್ತು, ಹತ್ತಿರವಿದ್ದ ಕುತ್ತಿಗೆ ಹಿಡಿದ.

ಆಮೇಲೆ ಭಾವ ಮನೆ ಖಾಲಿ ಮಾಡಿಕೊಂಡು ಹೋದರು. ಎಲ್ಲಿಗೆ ಎಂದು ಯಾರಿಗೂ ಹೇಳಲಿಲ್ಲ. ಫೋನ್ ಸತ್ತುಹೋಯಿತು. ಲೈಸೆನ್ಸಿನಲ್ಲಿದ್ದದ್ದು ಹಳೆಯ ವಿಳಾಸ. ಕನ್ನಡಕದವನು ದಿನವಿಡೀ ಅಂಗಡಿಯಲ್ಲಿ ಗಿರಾಕಿಗಳನ್ನು ಕೂರಿಸಿ "ಇದು ಸ್ಪಷ್ಟವಾ, ಅದು ಸ್ಪಷ್ಟವಾ" ಎಂದು ಕೇಳುತ್ತಿದ್ದ. ಸಂಜೆ ಮನೆಗೆ ಬಂದು ಗೋಡೆ ನೋಡುತ್ತ ಕೂರುತ್ತಿದ್ದ. ಒಂದೇ ಒಂದು ಆಸೆ ಅವನಿಗೆ: ಆ ಮಾತನ್ನು ವಾಪಸ್ ತಗೊಳ್ಳಬೇಕು. ಭಾವನಿಗೆ ಕೇಳುವ ಹಾಗೆ ತಗೊಳ್ಳಬೇಕು.

ಹೀಗಿರುವಾಗ ಈ ಚಳಿಗಾಲದ ಶುರುವಿನಲ್ಲಿ, ಒಂದು ಬೆಳಿಗ್ಗೆ, ಗದ್ದಲದ ಅಡಿಯಲ್ಲಿ ಏನೋ ಕೇಳಿಸಿತು. ಗದ್ದಲ ಎಂದರೆ ಎದುರಿನ ಜಿಮ್ಮಿನದು. ಅವರು ಕಟ್ಟಡದ ನೆತ್ತಿಯ ಮೇಲೆ ದೊಡ್ಡ ಲೈಟಿನ ಬೋರ್ಡು ಹಾಕಿದಂದಿನಿಂದ ಅವನ ರಿಸೀವರಿನಲ್ಲಿ ಬರೀ ಗರ್ರ್ ಎಂಬ ಸದ್ದು. ಆರಿಸಿ ಎಂದು ಕೇಳಲು ಹೋದರೆ ತೋಳು ಊದಿಸಿಕೊಂಡ ಮ್ಯಾನೇಜರು, "ಬೋರ್ಡು ಆರಿಸಿದ್ರೆ ಜನ ನಮ್ಮನ್ನ ಮರೆತುಬಿಡ್ತಾರೆ ಸಾರ್" ಎಂದು ನಕ್ಕು ಕಳಿಸಿದ್ದ. ಆ ಗರಗರದ ಅಡಿಯಲ್ಲಿ ಒಂದು ತುಂಡು ಅಕ್ಷರ, ಇನ್ನೊಂದು ತುಂಡು, ಕೊನೆಯಲ್ಲಿ ಎಳೆದ ಗೆರೆ. ಕನ್ನಡಕದವನು ಕುರ್ಚಿ ಹಿಂದೆ ತಳ್ಳಿ ಒಳಗೆ ಓಡಿದ.

"ಭಾವ ಕಣೇ! ಭಾವನ ಕೈ!" ಎಂದು ಹೆಂಡತಿಯನ್ನು ಎಬ್ಬಿಸಿದ.

ಹೆಂಡತಿ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಮೇಲ್ವಿಚಾರಕಿ. ದಿನಕ್ಕೆ ರಾಶಿ ರಾಶಿ ಹಾಸಿಗೆ ಬಟ್ಟೆ ಎಣಿಸಿ ಎಣಿಸಿ ಸುತ್ತಿ ಬಳಸುವ ಮಾತೇ ಮರೆತವಳು. "ಹಾಗಾದ್ರೆ ಕೂಗ್ರೀ ಅವರನ್ನ. ನೋಡ್ತಾ ಕೂತಿದೀರಲ್ಲಾ!" ಎಂದಳು.

"ಅವರೇನಾ ಅಂತ ಗ್ಯಾರಂಟಿ ಆಗ್ಲಿ ಇರು. ಯಾರೋ ದಾರೀಲಿ ಹೋಗೋರ ಹತ್ರ ಕ್ಷಮಿಸಿ ಅನ್ನೋಕಾಗುತ್ತಾ? ಮೊದಲು ಕೇಳಿಸ್ಲಿ, ಆಮೇಲೆ ಕಳಿಸೋಣ."

"ಕೇಳಿಸೋದು ಹೇಗೆ ಈ ಗರಗರದಲ್ಲಿ?"

"ಅದಕ್ಕೆ ಉಪಾಯ ಇದೆ."

ಉಪಾಯವೇ ಲೂಪ್ ಆಂಟೆನಾ. ಎರಡು ಪ್ಲಾಸ್ಟಿಕ್ ಪೈಪು ನಿಲ್ಲಿಸಿ, ನಡುವೆ ಬಾವುಟದ ಆಕಾರಕ್ಕೆ ಬಿಗಿದ ತಂತಿ. ಒಂದು ಬದಿಯಲ್ಲಿ ರಿಸೀವರಿಗೆ ಹೋಗುವ ಪುಟ್ಟ ಡಬ್ಬಿ, ಇನ್ನೊಂದು ಬದಿಯಲ್ಲಿ ಬೆರಳ ತುದಿಯಷ್ಟು ರೆಸಿಸ್ಟರ್. ಅದರ ಗುಣವೇ ವಿಚಿತ್ರ. ಡಬ್ಬಿಯ ಕಡೆಗೆ ಕಿವಿ ಅಗಲಿಸಿಕೊಂಡಿರುತ್ತದೆ, ರೆಸಿಸ್ಟರಿನ ಕಡೆಗೆ ಕಲ್ಲುಕಿವುಡು. ಕಿವುಡು ಬದಿಯನ್ನು ಜಿಮ್ಮಿಗೆ ತಿರುಗಿಸಿ ಇಟ್ಟರೆ ಜಿಮ್ಮು ಎಷ್ಟು ಅರಚಿದರೂ ಅದಕ್ಕೆ ಕೇಳಿಸುವುದಿಲ್ಲ. ಒಂದೇ ಕೊರತೆ: ಇದು ಕೇಳುವುದಕ್ಕೆ ಮಾತ್ರ. ಇದರಿಂದ ಕಳಿಸಲು ಹೋದರೆ ರೆಸಿಸ್ಟರ್ ಸುಟ್ಟು ಕರಕಲಾಗುತ್ತದೆ, ಅಷ್ಟೇ ಲಾಭ.

ಕನ್ನಡಕದವನು ಕೋನ ಹಿಡಿಯುವುದರಲ್ಲಿ ಪಳಗಿದವನು. ಮಸೂರವನ್ನು ಕೂದಲೆಳೆ ಹೆಚ್ಚುಕಮ್ಮಿಯಾಗದ ಹಾಗೆ ತಿರುಗಿಸಿ ಕೂರಿಸುವ ಕೈ ಅದು. ಲೂಪನ್ನು ಕಟ್ಟಿ, ತಿರುಗಿಸಿ, ರೆಸಿಸ್ಟರ್ ಬದಲಿಸಿ ಬದಲಿಸಿ ನೋಡಿದ. ಜಿಮ್ಮಿನ ಗದ್ದಲ ಇಳಿಯಿತು. ಆದರೆ ಪೂರ್ತಿ ಹೋಗಲಿಲ್ಲ. ಯಾಕೆ ಎಂದು ತಲೆ ಕೆರೆದುಕೊಂಡು ಮೇಲೆ ನೋಡಿದರೆ ಕಂಡಿತು: ಭಾವ ಕಟ್ಟಿದ ಕಳಿಸುವ ತಂತಿ. ಅಷ್ಟುದ್ದದ ತಂತಿ ಜಿಮ್ಮಿನ ಗದ್ದಲವನ್ನು ಹೀರಿಕೊಂಡು ತಾನೇ ಪಕ್ಕದಲ್ಲಿ ನಿಂತು ಲೂಪಿನ ಕಿವಿಗೆ ಊದುತ್ತಿತ್ತು. ಇದಕ್ಕೂ ಮದ್ದುಂಟು. ಕೇಳುವಾಗ ಆ ತಂತಿಯನ್ನು ಬೇರ್ಪಡಿಸುವ ಒಂದು ರಿಲೇ ಹಾಕಬೇಕು. ಭಾವನ ಹತ್ತಿರ ಎರಡು ವಾರ ಪಾಠ ಕಲಿತವನಿಗೂ ಗೊತ್ತಿರುವ ವಿಷಯ. ಆದರೆ ರಿಲೇ ತರಿಸಬೇಕು, ಪೆಟ್ಟಿಗೆ ಮಾಡಬೇಕು, ವಾರ ಹಿಡಿಯುತ್ತದೆ. ಭಾವನ ದನಿ ಗೋಡೆಯಾಚೆ ಇದ್ದ ಹಾಗಿರುವಾಗ ವಾರ ಕಾಯುವವರು ಯಾರು? ಪಕ್ಕದ ಕಟ್ಟಡ ಹತ್ತಿ, ಟ್ಯಾಂಕಿನ ಕೊಕ್ಕೆಯಿಂದ ತಂತಿ ಬಿಚ್ಚಿ, ಸುರುಳಿ ಸುತ್ತಿ ಹೆಗಲಿಗೆ ಹಾಕಿಕೊಂಡು ಇಳಿದು ಬಂದ.

"ಬಾಯಿ ಬಿಚ್ಚಿಟ್ಟು ಬರೀ ಕಿವಿ ಇಟ್ಕೊಂಡು ಏನ್ ಮಾಡ್ತೀರಿ?" ಎಂದು ಹೆಂಡತಿ ಬಾಗಿಲಲ್ಲೇ ನಿಲ್ಲಿಸಿ ಕೇಳಿದಳು.

"ವಾಪಸ್ ಕಟ್ಟೋದೇನು ಮಹಾ, ಒಂದು ನಿಮಿಷದ ಕೆಲಸ" ಎಂದ. ಎಂಥ ಬುದ್ಧಿವಂತ ನೋಡಿ!

ಮಾರನೆಯ ಬೆಳಿಗ್ಗೆ ಹೆಡ್‌ಫೋನ್ ಹಾಕಿಕೊಂಡಾಗ ರಿಸೀವರ್ ಕೆಟ್ಟಿದೆ ಎಂದುಕೊಂಡ, ಅಷ್ಟು ನಿಶ್ಶಬ್ದ. ಆ ನಿಶ್ಶಬ್ದದ ನಡುವೆ ಭಾವ ಎದುರಿಗೆ ಕೂತು ಮಾತಾಡಿದಷ್ಟು ಸ್ಪಷ್ಟವಾಗಿ ಬಂದರು. ಲೈಸೆನ್ಸಿನ ಜೊತೆ ಸಿಕ್ಕ ಇವನ ಕರೆಗುರುತನ್ನು ಮೂರು ಸಲ ಕುಟ್ಟಿ, ತಮ್ಮದನ್ನು ಕುಟ್ಟಿ, ಹೇಳತೊಡಗಿದರು.

"ಇದ್ದೀಯೇನೋ? ನಾನಿರೋದು ಒಂದು ಕೋಲ್ಡ್ ಸ್ಟೋರೇಜ್ ಮಹಡಿ ಮೇಲಿನ ಕೋಣೇಲಿ. ಕೆಳಗೆ ಹಗಲೂ ರಾತ್ರಿ ಮೋಟಾರು. ಗದ್ದಲದಲ್ಲಿ ಯಾರೂ ಕೇಳಿಸಲ್ಲ. ಆದ್ರೆ ನಿನ್ನ ಆ ಟ್ಯಾಂಕಿನ ತಂತಿ ಇದೆಯಲ್ಲ, ಅದು ಈ ಗದ್ದಲವನ್ನೂ ಸೀಳ್ಕೊಂಡು ಬರುತ್ತೆ, ನಂಗೊತ್ತು. ನಾನೇ ಕಟ್ಟಿದ್ದು. ಒಂದು ಅಕ್ಷರ ಕಳಿಸು ಸಾಕು. ಬೈದ್ರೂ ಪರವಾಗಿಲ್ಲ. ಕೇಳ್ತಾ ಇರ್ತೀನಿ."

ಆಮೇಲೆ ಭಾವ ಸುಮ್ಮನಾದರು, ಇವನ ಉತ್ತರಕ್ಕೆ ಕಿವಿಗೊಟ್ಟು. ಕನ್ನಡಕದವನ ಕೈ ಕೀ ಮೇಲೆ ಹೋಯಿತು. ಕೀ ಹಿಂದಿನ ವೈರು ಗೋಡೆಯ ತೂತಿನಿಂದ ಹೊರಗೆ ಹೋಗಿ ತಾರಸಿಯಲ್ಲಿ ಏನೂ ಇಲ್ಲದೆ ನೇತಾಡುತ್ತಿತ್ತು. ಅವನು ಎದ್ದು ಓಡಿದ.

ಪಕ್ಕದ ಕಟ್ಟಡ ಈಗ ಆ ಯಜಮಾನರ ಹೆಂಡತಿಯದು. ಬೀದಿಯವರ ಬಾಯಲ್ಲಿ ಟ್ಯಾಂಕ್ ಮೇಡಂ. ಇವನು ತಂತಿಯ ಸುರುಳಿ ಹಿಡಿದು ಹೋದಾಗ ಆಕೆ ಮೆಟ್ಟಿಲ ಮೇಲೆ ಕಾಲು ಚಾಚಿ ಪೇಪರ್ ಓದುತ್ತಿದ್ದರು.

"ಅಯ್ಯೋ, ನೀವಾಗೇ ಬಿಚ್ಕೊಂಡು ಹೋದ್ರಲ್ಲಾ, ನಾನು ದೇವರಿಗೆ ಕೈ ಮುಗಿದೆ. ನಿನ್ನೇನೇ ಆಳು ಕರೆಸಿ ಆ ಕೊಕ್ಕೆ ಕೀಳಿಸಿ, ಟ್ಯಾಂಕಿಗೆ ಸಿಮೆಂಟ್ ಹಾಕಿಸಿದೆ."

"ಮೇಡಂ, ಬೇರೆ ಕೊಕ್ಕೆ ನಾನೇ ಹಾಕಿಸ್ಕೊಡ್ತೀನಿ. ಸ್ವಲ್ಪ ದಿನ ಸಾಕು."

"ಬೇಡಪ್ಪಾ. ಸಿಡಿಲು ಗಿಡಿಲು ಹೊಡೆದ್ರೆ ಯಾರು ಜವಾಬ್ದಾರಿ? ನಮ್ಮೆಜಮಾನ್ರು ಯಾರು ಏನ್ ಕೇಳಿದ್ರೂ ಹೂಂ ಅಂದೋರು. ಅವರು ಹೂಂ ಅಂದಿದ್ದಕ್ಕೆಲ್ಲಾ ಈಗ ನಾನು ಊಹೂಂ ಅನ್ಬೇಕಾಗಿದೆ."

"ನಮ್ಮ ಭಾವ ಮೇಡಂ... ಅವರ ಹತ್ರ ಮಾತಾಡ್ಬೇಕು."

"ಫೋನ್ ಮಾಡಪ್ಪಾ! ಎಲ್ಲರ ಹತ್ರಾನೂ ಫೋನಿದೆ!" ಎಂದು ಆಕೆ ಪೇಪರ್ ಬಿಡಿಸಿಕೊಂಡರು. ಆಕೆಯ ಮೇಲೆ ಸಿಟ್ಟು ಮಾಡಿಕೊಳ್ಳುವ ಹಾಗೂ ಇರಲಿಲ್ಲ. ಟ್ಯಾಂಕು ಆಕೆಯದು, ಬಿಚ್ಚಿದ್ದು ಇವನೇ.

ಆಮೇಲಿನದೆಲ್ಲ ಒದ್ದಾಟ. ತಂತಿಯನ್ನು ತನ್ನ ತಾರಸಿಯಲ್ಲೇ ಅಡ್ಡಡ್ಡ ಸುತ್ತಿದ, ಕಿಟಕಿಯ ಸರಳಿಗೆ ಸುತ್ತಿದ, ಮೆಟ್ಟಿಲ ಕಂಬಿಯ ಗುಂಟ ಕೆಳಮನೆಯವರೆಗೂ ಇಳಿಬಿಟ್ಟ. ಕೆಳಮನೆಯವರು ಅದರ ಮೇಲೂ ಕಾಲುಚೀಲ ಹಾಕಿದರು. ಆ ಬ್ಯಾಂಡಿಗೆ ತಂತಿ ಎತ್ತರದಲ್ಲಿ ಉದ್ದಕ್ಕೆ ನಿಲ್ಲಬೇಕು, ಸುರುಳಿ ಸುತ್ತಿದ್ದು ದಂಡ. ಪ್ರತಿ ಬೆಳಿಗ್ಗೆ ಭಾವ ಬರುತ್ತಿದ್ದರು, ಕರೆಯುತ್ತಿದ್ದರು, ಕಾಯುತ್ತಿದ್ದರು. ಇವನು ಮೈಯೆಲ್ಲ ಬೆವರಿ ಕುಟ್ಟುತ್ತಿದ್ದ: ಇದ್ದೀನಿ ಭಾವ, ಇದ್ದೀನಿ, ಕೇಳ್ತಿದೆ, ತಪ್ಪಾಯ್ತು. ಅದು ಬೀದಿ ದಾಟಿತೋ ಇಲ್ಲವೋ. ಸ್ವಲ್ಪ ಹೊತ್ತಿನ ನಂತರ ಭಾವ, "ಏನೂ ಕೇಳಿಸಲಿಲ್ಲ. ಇರಲಿ. ನಾಳೆ ಬರ್ತೀನಿ" ಎಂದು ಹೇಳಿ, ಕೊನೆಯ ಗೆರೆ ಎಳೆದು ಹೋಗುತ್ತಿದ್ದರು. ಎದುರಿಗೇ ಕೂತು ಹೆಸರು ಹಿಡಿದು ಕರೆಯುವವರ ಮುಂದೆ ಬಾಯಿ ಕಟ್ಟಿದವನಂತೆ ಕೂತಿರುವುದು ಎಂಥ ಹಿಂಸೆ!

ಇನ್ನೂ ಹೊಟ್ಟೆ ಉರಿಯುವ ಸಂಗತಿ ಎಂದರೆ, ಭಾವನ ಗದ್ದಲಕ್ಕೆ ಮದ್ದು ಇವನ ತಾರಸಿಯ ಮೇಲೇ ನಿಂತಿತ್ತು. ಎರಡು ಪೈಪು, ನಾಲ್ಕು ಮೊಳದ ತಂತಿ, ಒಂದು ರೆಸಿಸ್ಟರ್, ಕಿವುಡು ಬದಿ ಮೋಟಾರಿನ ಕಡೆಗೆ. ಎರಡು ಸಾಲಿನಲ್ಲಿ ಹೇಳಿ ಮುಗಿಸಬಹುದು. ಆ ಎರಡು ಸಾಲು ಅವರಿಗೆ ಮುಟ್ಟಬೇಕಾದರೆ ಮೊದಲು ಆ ಲೂಪೇ ಅವರ ಹತ್ತಿರ ಇರಬೇಕಿತ್ತು.

"ಎಲ್ಲಿದ್ದಾರೆ ಅಂತ ಆ ಆಂಟೆನಾ ಹೇಳಲ್ವಾ?" ಎಂದು ಹೆಂಡತಿ ಕೇಳಿದಳು.

"ದಿಕ್ಕು ಹೇಳುತ್ತೆ. ದೂರ ಹೇಳಲ್ಲ." ಭೂಪಟದ ಮೇಲೆ ಆ ದಿಕ್ಕಿಗೆ ಗೆರೆ ಎಳೆದು ತೋರಿಸಿದ. ಗೆರೆ ಊರು ಊರು ದಾಟಿ, ಬೆಟ್ಟ ಹತ್ತಿ ಇಳಿದು, ಕೊನೆಗೆ ಕಾಗದದ ಅಂಚಿನಾಚೆ ಹೋಯಿತು. ಆ ಗೆರೆಯ ಮೇಲೆ ಎಷ್ಟು ಕೋಲ್ಡ್ ಸ್ಟೋರೇಜುಗಳಿವೆಯೋ ಯಾರಿಗೆ ಗೊತ್ತು. ಹೆಂಡತಿ ಆ ಗೆರೆಯನ್ನೇ ನೋಡುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಕೊನೆಗೆ ಮೊಸಳೆಗೆ ಫೋನ್ ಮಾಡಬೇಕಾಗಿ ಬಂತು. ಮೊಸಳೆ ಎಂದರೆ ಊರಿನ ಇನ್ನೊಂದು ತುದಿಯ ಗುಡ್ಡದ ಮೇಲಿರುವ ಇನ್ನೊಬ್ಬ ಹ್ಯಾಮ್. ಹೊಟ್ಟೆಪಾಡಿಗೆ ಹಳೆಯ ಸಾಮಾನಿನ ಹರಾಜು ಕೂಗುವವನು. ರೇಡಿಯೋದಲ್ಲೂ ಅದೇ ವರಸೆ: ಮನೆಯಷ್ಟು ದೊಡ್ಡ ಆಂಪ್ಲಿಫೈಯರ್, ಮುಗಿಲೆತ್ತರದ ಕಂಬ, ಲೋಕಕ್ಕೆಲ್ಲ ಕೇಳುವ ದನಿ. ಆದರೆ ಅವನ ಗುಡ್ಡದ ತುಂಬ ಮೊಬೈಲ್ ಟವರು, ಕರೆಂಟಿನ ಲೈನು. ಅವನಿಗೆ ಯಾರೂ ಕೇಳಿಸುವುದಿಲ್ಲ. ಬಾಯಿ ದೊಡ್ಡದು, ಕಿವಿ ಇಲ್ಲ ಎಂದೇ ಗೆಳೆಯರು ಮೊಸಳೆ ಎಂದು ಹೆಸರಿಟ್ಟಿದ್ದರು. ಅವನಿಗೂ ಆ ಹೆಸರು ಇಷ್ಟವಿತ್ತು.

"ಓಹೋಹೋ, ನಿಮ್ಮ ಭಾವನಾ? ಸಿಕ್ಕಿದ್ರಾ? ಹೇಳಪ್ಪಾ, ಏನ್ ಕಳಿಸ್ಬೇಕು? ಮೋಟಾರಲ್ಲ, ರೈಲು ಹೋಗ್ತಿದ್ರೂ ಕೇಳೋ ಹಾಗೆ ಕಳಿಸ್ತೀನಿ!"

ಇಲ್ಲಿ ಕನ್ನಡಕದವನು ತಡವರಿಸಿದ. ಆಸ್ಪತ್ರೆಯ ವರಾಂಡದ ಮಾತನ್ನು ಮೊಸಳೆಯ ಬಾಯಿಗೆ ಹಾಕುವುದು ಹೇಗೆ? ಬ್ಯಾಂಡು ಎಲ್ಲರದು, ಎಲ್ಲರೂ ಕೇಳುತ್ತಾರೆ. ಮಾರನೆಯ ದಿನ ಮೊಸಳೆ ಅದನ್ನೇ ಹರಾಜಿನಲ್ಲಿ ಕೂಗಿದರೂ ಕೂಗಿದನೇ. ಅದನ್ನು ತಾನೇ ಹೇಳಬೇಕು, ತನ್ನ ಕೈಯಿಂದಲೇ ಹೇಳಬೇಕು. ಸರಿ, ತಂತಿ ಇಳಿಸಿದ್ದನ್ನಾದರೂ ಹೇಳಬಹುದಿತ್ತಲ್ಲ? ಅದಕ್ಕೂ ನಾಲಿಗೆ ಏಳಲಿಲ್ಲ. ಭಾವ ಕೈಯಾರೆ ಕಟ್ಟಿದ ತಂತಿಯನ್ನು, ಒಂದು ರಿಲೇ ಹಾಕುವ ಸೋಮಾರಿತನಕ್ಕೆ ಕಿತ್ತು ಬಿಸಾಡಿದೆ ಎಂದು ಗುರುವಿನ ಎದುರು, ಲೋಕದ ಎದುರು ಒಪ್ಪಿಕೊಳ್ಳುವುದೇ? ನಿನ್ನೆ ಮೊನ್ನೆ ಲೈಸೆನ್ಸ್ ಪಡೆದ ಹುಡುಗರೂ ನಗುತ್ತಾರೆ. ಭಾವ ಮನೆಗೆ ಬಂದ ಮೇಲೆ ಕಿವಿ ಹಿಂಡಿಸಿಕೊಂಡರಾಯಿತು ಎಂದುಕೊಂಡ.

"ನಾನು ದಿನಾ ಅವರನ್ನ ಚೆನ್ನಾಗಿ ಕೇಳ್ತಿದೀನಿ ಅಂತ ಹೇಳು. ಎಲ್ಲಿದೀರಿ ಅಂತ ಕೇಳು. ಮನೆಗೆ ಬನ್ನಿ ಅಂತ ಹೇಳು. ಅಷ್ಟೇ ಸಾಕು."

"ಅಷ್ಟೇನಾ? ಇದೆಂಥಾ ಮಾತು, ಕರೆಂಟ್ ಆಫೀಸಿನ ನೋಟೀಸಿದ್ದ ಹಾಗಿದೆ!"

"ಅಷ್ಟೇ ಕಳಿಸಪ್ಪಾ."

ಮರುದಿನ ಬೆಳಿಗ್ಗೆ ಭಾವ ಕರೆದು ಸುಮ್ಮನಾದ ಕೂಡಲೇ ಕನ್ನಡಕದವನು ಮಿಸ್ಡ್ ಕಾಲ್ ಕೊಟ್ಟ, ಗುಡ್ಡದ ಮೇಲಿನಿಂದ ಮೊಸಳೆ ಗರ್ಜಿಸಿದ. ಹೇಳಿದ್ದನ್ನು ಹೇಳಿದ ಹಾಗೆ ಎರಡು ಸಲ ಕಳಿಸಿದ. ಹೆಂಡತಿ ಕೆಲಸಕ್ಕೆ ಹೊರಟವಳು ಚೀಲ ಹೆಗಲಲ್ಲೇ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಭಾವ ಬಂದರು. ನಿಧಾನವಾಗಿ, ಒಂದೊಂದೇ ಅಕ್ಷರ ಇಟ್ಟುಕೊಂಡು.

"ಮೊಸಳೆ, ನಿನ್ನ ದನಿ ಕೇಳಿಸ್ತು. ಎಷ್ಟೋ ದಿನದ ಮೇಲೆ ಒಬ್ಬರ ದನಿ ಕೇಳಿದ ಹಾಗಾಯ್ತು, ಸಂತೋಷ. ಅವನಿಗೆ ನಾನು ದಿನಾ ಕೇಳಿಸ್ತಿದೀನಿ ಅಂದ್ಯಲ್ಲ, ಅದೊಂದು ಗೊತ್ತಿರಲಿಲ್ಲ. ಕೇಳಿಸ್ತಿಲ್ಲವೇನೋ ಅಂದ್ಕೊಂಡು ಕರೀತಿದ್ದೆ. ಕೇಳಿಸ್ಕೊಂಡು ಸುಮ್ಮನಿದ್ದಾನೆ ಅಂತ ಗೊತ್ತಿದ್ರೆ ಇಷ್ಟು ದಿನ ತೊಂದರೆ ಕೊಡ್ತಿರಲಿಲ್ಲ."

"ಅಲ್ಲ ಭಾವ, ಅಲ್ಲ!" ಎಂದು ಕನ್ನಡಕದವನು ಕೂಗಿದ, ಮೋರ್ಸಿನಲ್ಲಲ್ಲ, ಬಾಯಿಂದ. ಕೈ ಆಗಲೇ ಸತ್ತ ಕೀಯನ್ನು ಕುಟ್ಟುತ್ತಿತ್ತು.

"ಅವನ ತಂತಿ ನನ್ನ ತನಕ ಬರುತ್ತೆ. ಕೀ ಮುಟ್ಟೋಕೆ ಅವನಿಗೆ ಮನಸ್ಸಿಲ್ಲ. ಕರ್ತವ್ಯಕ್ಕೆ ಅಂತ ನಿನ್ನ ಕೈಲಿ ಎರಡು ಮಾತು ಹೇಳಿಸಿದಾನೆ. ಒಳ್ಳೆ ಹುಡುಗ. ತಪ್ಪು ತಿಳೀಬೇಡ ಅಂತ ಹೇಳು ಅವನಿಗೆ. ಅವನು ಅವತ್ತು ಆಡಿದ ಮಾತು ಸರಿಯಾಗೇ ಇತ್ತು."

ಕನ್ನಡಕದವನು ಫೋನ್ ತೆಗೆದು ಮೊಸಳೆಗೆ ಹಚ್ಚಿದ. ಫೋನ್ ಬಡಿದುಕೊಂಡಿತು, ಬಡಿದುಕೊಂಡಿತು. ಕಿವಿಯಿಲ್ಲದ ಮೊಸಳೆ ಉತ್ತರಕ್ಕೆ ಕಾಯುವುದಾದರೂ ಯಾಕೆ? ತನ್ನ ಕೆಲಸ ಮುಗಿಯಿತೆಂದು ಆಂಪ್ಲಿಫೈಯರ್ ಆರಿಸಿ ಸ್ನಾನಕ್ಕೆ ಹೋಗಿದ್ದ.

"ಸೆಟ್ಟು ಮಾರಿಬಿಟ್ಟೆ. ಇವತ್ತು ಬಂದು ತಗೊಂಡು ಹೋಗ್ತಾರೆ. ಈ ಕೋಣೇನೂ ಬಿಡ್ತಿದೀನಿ. ಅವನು ಕೇಳ್ತಿದ್ರೆ, ಕೇಳ್ತಿದಾನೆ ಅಂದ್ಯಲ್ಲ, ಅವನಿಗೆ ನನ್ನ ಆಶೀರ್ವಾದ. ಬರ್ತೀನಿ."

ಕೊನೆಯ ಗೆರೆ ಎಳೆಯಲಿಲ್ಲ ಭಾವ. ತುಂಡು ಹಾಕಿ ನಿಲ್ಲಿಸಿದರು.

ಹೆಂಡತಿಗೆ ಇವನು ಬಿಕ್ಕುತ್ತ ಹೇಳಿದಾಗ ಅವಳು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಮಾರಿದೀನಿ ಅಂದಿದಾರೆ, ಕೊಟ್ಟಿದೀನಿ ಅಂದಿಲ್ಲ. ತಗೊಳ್ಳೋರು ಇವತ್ತೇ ಬರ್ತಾರೆ ಅಂತ ಏನ್ ನಂಬಿಕೆ? ನಾಳೆ ಬೆಳಿಗ್ಗೆ ಹೋಗಿ ಆ ಮೊಸಳೆ ಮನೇಲಿ ಕೂತ್ಕೊಂಡು ನೀವೇ ನಿಮ್ಮ ಕೈಯಿಂದ ಕಳ್ಸಿ" ಎಂದಳು. ನಿನ್ನೆಯೇ ಹೋಗಬಹುದಿತ್ತು ಎಂದು ಇಬ್ಬರಿಗೂ ಹೊಳೆಯಿತು.

"ಅಲ್ಲಿ ನಂಗೇನೂ ಕೇಳಿಸಲ್ಲ ಕಣೇ. ಭಾವ ಬಂದ್ರೂ ಗೊತ್ತಾಗಲ್ಲ."

"ಇಲ್ಲಿ ನಾನಿರ್ತೀನಿ. ಹೆಡ್‌ಫೋನ್ ಹತ್ರ ಫೋನ್ ಇಟ್ಟು ರೆಕಾರ್ಡ್ ಮಾಡ್ತೀನಿ. ನೀವು ಬಂದು ಕೇಳಿ."

ಹಾಗೆ, ಮೋರ್ಸಿನ ಒಂದಕ್ಷರವೂ ಬಾರದ ಅವಳು ಮೊಟ್ಟಮೊದಲ ಬಾರಿಗೆ ಆ ಮೇಜಿನ ಮುಂದೆ ಕೂತಳು. ಯಾವ ಗುಂಡಿ ಮುಟ್ಟಬಾರದು ಎಂದು ಅವನು ಹೇಳಿದ. ಅವಳು ಎಲ್ಲ ಗುಂಡಿಗಳಿಂದಲೂ ಕೈ ದೂರವಿಟ್ಟು ಮಡಿಲಲ್ಲಿ ಇಟ್ಟುಕೊಂಡಳು.

ಗುಡ್ಡದ ಮೇಲೆ ಮೊಸಳೆ ಬ್ಯಾಟರಿ ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದ. ವಿಷಯ ತಿಳಿದಾಗಿನಿಂದ ಅವನ ಬಾಯಿ ಬಿದ್ದುಹೋಗಿತ್ತು. "ನಾನು ಇನ್ನೊಂಚೂರು ಹೊತ್ತು ಕೂತಿರಬೇಕಿತ್ತು ಕಣೋ" ಎಂದ, ಮೆಲ್ಲಗೆ. ಆಂಪ್ಲಿಫೈಯರ್ ಬಿಸಿ ಮಾಡಿ ಕೊಟ್ಟು, ಕುರ್ಚಿ ಸರಿಸಿ ಕೊಟ್ಟು, ತಾನು ಹೊರಗೆ ಹೋಗಿ ಬಾಗಿಲು ಎಳೆದುಕೊಂಡ. ಹೆಡ್‌ಫೋನಿನಲ್ಲಿ ಬರೀ ಅಬ್ಬರ. ಆ ಅಬ್ಬರದ ಆಚೆ ಭಾವ ಇದ್ದಾರೋ ಇಲ್ಲವೋ ತಿಳಿಯುವ ಹಾಗಿರಲಿಲ್ಲ. ಕನ್ನಡಕದವನು ಹೆಡ್‌ಫೋನ್ ಕೆಳಗಿಟ್ಟು ಕೀ ಹಿಡಿದ.

ಎಲ್ಲ ಹೇಳಿದ. ಯಾರು ಕೇಳಿದರೂ ಕೇಳಲಿ, ಊರೆಲ್ಲ ನಗಲಿ. ತಂತಿ ಇಳಿಸಿದ್ದು ಹೇಳಿದ. ಅವತ್ತು ಬೆಳಿಗ್ಗೆ ಕರೆಯುತ್ತಿದ್ದವನು ನಾನೇ, ನೀವು ಕಿವಿಗೊಟ್ಟಿದ್ದು ನನಗೇ, ಅದು ಗೊತ್ತಿದ್ದೇ ಹಾಗಂದೆ ಎಂದು ಹೇಳಿದ. ಅಕ್ಕ ಇದ್ದಿದ್ದರೆ ನನ್ನ ಕೆನ್ನೆಗೆ ಹೊಡೆಯುತ್ತಿದ್ದಳು ಎಂದ. ಬನ್ನಿ ಭಾವ, ಇಲ್ಲವೇ ಎಲ್ಲಿದ್ದೀರಿ ಹೇಳಿ, ನಾನೇ ಬರುತ್ತೇನೆ ಎಂದ. ಲೂಪ್ ಕಟ್ಟುವುದು ಹೇಗೆ ಎಂಬುದನ್ನೂ ಕಳಿಸಿದ, ಕಿವುಡು ಬದಿ ಮೋಟಾರಿನ ಕಡೆಗೆ. ಮತ್ತೆ ಮೊದಲಿನಿಂದ ಹೇಳಿದ. ಕಿಟಕಿಯಲ್ಲಿ ಬಿಸಿಲು ಬರುವವರೆಗೆ ಕುಟ್ಟಿದ. ಬೆರಳು ಮರಗಟ್ಟಿತು.

ಮೆಟ್ಟಿಲು ಹತ್ತಿ ಮನೆಗೆ ಬಂದರೆ ಹೆಂಡತಿ ಬಾಗಿಲು ತೆರೆದುಕೊಂಡೇ ನಿಂತಿದ್ದಳು. ಅವಳ ಮುಖ ಹಾಗೆ ಅರಳಿದ್ದನ್ನು ಅವನು ನೋಡಿ ಎಷ್ಟೋ ಕಾಲವಾಗಿತ್ತು.

"ಬಂದ್ರು ರೀ! ಭಾವ ಬಂದ್ರು! ಎಷ್ಟು ಜೋರಾಗಿ ಕೇಳಿಸ್ತು ಗೊತ್ತಾ, ನಾನು ಹೆಡ್‌ಫೋನ್ ದೂರ ಹಿಡಿಬೇಕಾಯ್ತು. ನಿಲ್ಲಿಸ್ಲೇ ಇಲ್ಲ, ಕಳಿಸ್ತಾನೇ ಇದ್ರು, ಕಳಿಸ್ತಾನೇ ಇದ್ರು. ಇಷ್ಟುದ್ದ ಯಾವತ್ತಾದ್ರೂ ಮಾತಾಡಿದ್ರಾ ಅವರು? ಎಲ್ಲಾ ಇದೆ ಇದರಲ್ಲಿ, ಬಿಸಿಲು ಬರೋ ತನಕ ಆಫ್ ಮಾಡಿಲ್ಲ. ಕೂತ್ಕೊಳ್ಳಿ, ಕೂತ್ಕೊಂಡು ಕೇಳಿ."

ಕೂತುಕೊಂಡ. ಅವಳು ಫೋನನ್ನು ಅವನ ಕಿವಿಗೆ ತಾನೇ ಹಿಡಿದಳು. ಮೊದಲ ಅಕ್ಷರಕ್ಕೇ ಅವನಿಗೆ ಕೈ ಗುರುತು ಸಿಕ್ಕಿತು. ಆದರೂ ಕೊನೆಯವರೆಗೆ ಕೇಳಿದ. ತಂತಿ ಇಳಿಸಿದ್ದು ಬಂತು. ಅಕ್ಕನ ಮಾತು ಬಂತು. ಬನ್ನಿ ಭಾವ ಎಂಬುದು ಬಂತು. ಒಂದಕ್ಷರ ತಪ್ಪಿಲ್ಲ, ಒಂದಕ್ಷರ ಮುಸುಕಿಲ್ಲ. ಆಮೇಲೆ ನಿಶ್ಶಬ್ದ. ಎಷ್ಟು ಒಳ್ಳೆಯ ಲೂಪ್ ಕಟ್ಟಿದ್ದನೆಂದರೆ ಅದರಲ್ಲಿ ಒಂದು ಕರಕರವೂ ಇರಲಿಲ್ಲ. ಗದ್ದಲವಿದ್ದಿದ್ದರೆ ಅದರ ಅಡಿಯಲ್ಲಿ ಭಾವ ಇದ್ದಾರೇನೋ, ತನಗೆ ಕೇಳಿಸುತ್ತಿಲ್ಲವೇನೋ ಎಂದಾದರೂ ಅಂದುಕೊಳ್ಳಬಹುದಿತ್ತು. ರೆಕಾರ್ಡಿಂಗ್ ಮುಗಿಯುವವರೆಗೂ ಅಲ್ಲಿ ಯಾರೂ ಇರಲಿಲ್ಲ.

ಹೆಂಡತಿ ಅವನ ಮೊಣಕಾಲಿನ ಮೇಲೆ ಕೈಯಿಟ್ಟು ಬಗ್ಗಿ ಮುಖ ನೋಡುತ್ತಿದ್ದಳು.

"ಏನಂದ್ರು ರೀ? ಬರ್ತಾರಂತಾ?"

"ಅದು ಭಾವ ಅಲ್ಲ ಕಣೇ" ಎಂದ. "ನಾನು."